ಕತ್ತರಿ ಹಿಡಿದವರು ಯಾರೂ ಇರಲಿಲ್ಲ

ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರ ಪುಸ್ತಕದಲ್ಲಿ, ಕಿಣ್ವಗಳ ವಿಷಯ ಶುರುವಾಗುವ ಕಡೆ ಒಂದು ಸಣ್ಣ ಮಾತಿದೆ. ಹೆಚ್ಚುಕಡಿಮೆ ಎಲ್ಲ ಕಿಣ್ವಗಳೂ ಪ್ರೋಟೀನುಗಳೇ, ಕಿಣ್ವದ ಹಾಗೆ ಕೆಲಸ ಮಾಡುವ ಕೆಲವು ನ್ಯೂಕ್ಲಿಯಿಕ್ ಆಮ್ಲಗಳೂ (ಡಿಎನ್‌ಎ, ಆರ್‌ಎನ್‌ಎ ಜಾತಿಯವು) ಇವೆ, ಅವು ರೈಬೋಝೈಮ್. ಅಷ್ಟು ಹೇಳಿ ಪುಸ್ತಕ ಮುಂದೆ ಹೋಗಿಬಿಡುತ್ತದೆ. ಎರಡನೇ ವರ್ಷದ ಪುಸ್ತಕದಲ್ಲಿ, ಪ್ರೋಟೀನ್ ತಯಾರಾಗುವ ಪಾಠದಲ್ಲಿ, ಆವರಣದೊಳಗೆ ಇನ್ನೊಂದು ಮಾತು ಬರುತ್ತದೆ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸುವ ಕಿಣ್ವ ಬ್ಯಾಕ್ಟೀರಿಯಾದ 23ಎಸ್ ಆರ್‌ಎನ್‌ಎ, ಅಂದರೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಅನ್ನುವ ಯಂತ್ರದ ಒಂದು ಭಾಗ. ಎರಡೂ ಒಂದು ಮಾರ್ಕಿನ ಪ್ರಶ್ನೆಗೆ ಒಳ್ಳೇ ಸರಕು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮಾರ್ಕು ತೆಗೆದುಕೊಳ್ಳುತ್ತಾರೆ. ಎರಡು ಮಾತಿನ ನಡುವೆ ಒಂದು ವರ್ಷ ಕಳೆದಿರುತ್ತದಲ್ಲ, ಹಾಗಾಗಿ ಅವನ್ನು ಒಟ್ಟಿಗೆ ಇಟ್ಟು ನೋಡುವ ಪ್ರಸಂಗವೇ ಬರುವುದಿಲ್ಲ.

ಕಾರವಾರದ ನನ್ನ ಕ್ಲಾಸಿನಲ್ಲಿ ಮಾಜಾಳಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು ಕೇಳಿದಳು. "ಮೇಡಂ, ಪ್ರೋಟೀನ್ ಮಾಡೋಕೆ ಡಿಎನ್‌ಎ ಬೇಕು. ಡಿಎನ್‌ಎ ಕಾಪಿ ಮಾಡೋಕೆ ಪ್ರೋಟೀನ್ ಬೇಕು. ಹಾಗಾದ್ರೆ ಶುರು ಆಗಿದ್ದು ಹ್ಯಾಗೆ?" ಹಿಂದಿನ ಬೆಂಚಿನವರು "ಬೀಜ ಮೊದಲೋ ಮರ ಮೊದಲೋ" ಅಂತ ನಕ್ಕರು. ಅವಳು ನಗಲಿಲ್ಲ. ಅವಳಿಗೆ ಉತ್ತರ ಬೇಕಿತ್ತು.

ಉತ್ತರ ಆ ಎರಡು ಸಾಲುಗಳಲ್ಲೇ ಇದೆ ಅಂತ ನನ್ನ ನಂಬಿಕೆ. ಪುಸ್ತಕ ರೈಬೋಝೈಮನ್ನು ಒಂದು ಅಪವಾದದ ಹಾಗೆ ಮೂಲೆಯಲ್ಲಿ ಕೂರಿಸಿದೆ. ಎಣಿಸಿದರೆ ಅದು ಸರಿಯೇ. ಪ್ರೋಟೀನ್ ಕಿಣ್ವಗಳು ಸಾವಿರಾರು, ಆರ್‌ಎನ್‌ಎ ಕಿಣ್ವಗಳು ಬೆರಳೆಣಿಕೆಯಷ್ಟು ಬಗೆ. ಆದರೆ ಮನೆಯಲ್ಲಿ ಹಿರಿಯರು ಎಷ್ಟು ಜನ ಅಂತ ಎಣಿಸಿ ಹಿರಿತನ ಕೊಡುವುದಿಲ್ಲವಲ್ಲ.

ಕಥೆ ಶುರುವಾಗುವುದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಅದಕ್ಕೆ ಮುಂಚೆ, 1977ರಲ್ಲಿ, ಬೇರೆ ಕಡೆ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಬೇರೆ ಬೇರೆಯಾಗಿ ಒಂದು ವಿಚಿತ್ರ ಕಂಡುಕೊಂಡಿದ್ದವು. ಜೀನ್ ಅಂದರೆ ಉದ್ದಕ್ಕೆ ಅರ್ಥ ಇರುವ ಒಂದೇ ಬರಹ ಅಲ್ಲ. ನಡುನಡುವೆ ಬೇಡದ ತುಂಡುಗಳಿವೆ. ಜೀನನ್ನು ಆರ್‌ಎನ್‌ಎಗೆ ನಕಲು ಮಾಡಿದ ಮೇಲೆ ಆ ತುಂಡುಗಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಬೇಕು. ತೆಗೆಯುವ ತುಂಡಿಗೆ ಇಂಟ್ರಾನ್ ಅಂತಲೂ ಉಳಿಯುವ ತುಂಡಿಗೆ ಎಕ್ಸಾನ್ ಅಂತಲೂ ವಾಲ್ಟರ್ ಗಿಲ್ಬರ್ಟ್ ಮರುವರ್ಷ ಹೆಸರಿಟ್ಟರು. ಸರಿ, ಕತ್ತರಿಸುವವರು ಯಾರು? ಯಾವುದೋ ಪ್ರೋಟೀನ್ ಇರಬೇಕು. ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಅನುಮಾನ ಇಲ್ಲದಿರುವುದಕ್ಕೂ ಕಾರಣ ಇತ್ತು. ಕಿಣ್ವ ಅಂದರೆ ಪ್ರೋಟೀನು ಅನ್ನುವುದೇ ಒಂದು ಕಾಲದಲ್ಲಿ ಜಗಳ ಮಾಡಿ ಗೆದ್ದ ಮಾತು. 1926ರಲ್ಲಿ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳು ಮಾಡಿ ತೋರಿಸಿದಾಗ ದೊಡ್ಡ ದೊಡ್ಡವರು ಒಪ್ಪಿರಲಿಲ್ಲ. ಸಮ್ನರ್ ಹುಡುಗನಾಗಿದ್ದಾಗ ಬೇಟೆಯಲ್ಲಿ ಎಡಗೈ ಕಳೆದುಕೊಂಡವರು. ಒಂದೇ ಕೈಯಲ್ಲಿ ಲ್ಯಾಬಿನ ಕೆಲಸ ಮಾಡಿದವರು. ಅವರಿಗೆ ನೊಬೆಲ್ ಬಂದದ್ದು 1946ರಲ್ಲಿ. ಇಷ್ಟು ಕಷ್ಟಪಟ್ಟು ನಿಂತ ಮಾತನ್ನು ಯಾರು ಸುಮ್ನೆ ಅಲ್ಲಾಡಿಸುತ್ತಾರೆ?

ಕೊಲೊರಾಡೊದ ಥಾಮಸ್ ಚೆಕ್ ಕೂಡ ಅಲ್ಲಾಡಿಸಲು ಹೊರಟವರಲ್ಲ. ಅವರು ಟೆಟ್ರಾಹೈಮಿನಾ ಅನ್ನುವ ಒಂದೇ ಕೋಶದ ಜೀವಿಯನ್ನು ಸಾಕಿಕೊಂಡಿದ್ದರು. ಸಿಹಿನೀರಿನ ಕೆರೆಗಳಲ್ಲಿ ಇರುವಂಥದ್ದು, ಮೈತುಂಬ ಸಣ್ಣ ರೋಮ. ನಮ್ಮ ಮಕ್ಕಳು ಮೈಕ್ರೋಸ್ಕೋಪಿನಲ್ಲಿ ನೋಡುವ ಪ್ಯಾರಾಮೀಸಿಯಂನ ನೆಂಟ. ಇದರ ದೊಡ್ಡ ನ್ಯೂಕ್ಲಿಯಸ್ಸಿನಲ್ಲಿ ರೈಬೋಸೋಮಿನ ಆರ್‌ಎನ್‌ಎಯ ಜೀನು ಸುಮಾರು 10,000 ಪ್ರತಿ ಇರುತ್ತದೆ. ಒಂದೇ ಜೀನನ್ನು ಹತ್ತಿರದಿಂದ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಅನುಕೂಲ ಬೇಡ. ಆ ಜೀನಿನ ನಡುವೆ ಸುಮಾರು 413 ಅಕ್ಷರದ ಒಂದು ಇಂಟ್ರಾನ್ ಇತ್ತು. ಅದನ್ನು ಕತ್ತರಿಸುವ ಪ್ರೋಟೀನನ್ನು ಹಿಡಿಯೋಣ ಅಂತ ಚೆಕ್ ಮತ್ತು ಅವರ ಜೊತೆಗಾರ ಆರ್ಥರ್ ಝಾಗ್ ಕೆಲಸ ಶುರು ಮಾಡಿದರು.

ವಿಧಾನ ಸರಳ. ಇನ್ನೂ ಕತ್ತರಿಸದ ಆರ್‌ಎನ್‌ಎಯನ್ನು ಎರಡು ಟ್ಯೂಬಿನಲ್ಲಿ ಹಾಕುವುದು. ಒಂದಕ್ಕೆ ನ್ಯೂಕ್ಲಿಯಸ್ಸಿನ ರಸ, ಇನ್ನೊಂದು ಬರೀ ಹೋಲಿಕೆಗೆ. ರಸ ಹಾಕಿದ್ದರಲ್ಲಿ ಇಂಟ್ರಾನ್ ಕಳಚಬೇಕು, ಹಾಕದೇ ಇದ್ದದ್ದು ಹಾಗೇ ಇರಬೇಕು. ಎರಡರಲ್ಲೂ ಕಳಚಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ ನನಗೆ. ನಮ್ಮ ಪ್ರಾಕ್ಟಿಕಲ್ಲಿನಲ್ಲಿ ಜೊಲ್ಲು ಮತ್ತು ಗಂಜಿಯ ಪ್ರಯೋಗ ಇದೆ. ಜೊಲ್ಲು ಹಾಕಿದ ಟ್ಯೂಬಿನಲ್ಲಿ ಅಯೋಡಿನ್ ಬಿಟ್ಟರೆ ನೀಲಿ ಬರಬಾರದು, ಹಾಕದ್ದರಲ್ಲಿ ಬರಬೇಕು. ಜೊಲ್ಲು ಹಾಕದ ಟ್ಯೂಬಿನಲ್ಲೂ ನೀಲಿ ಬರದಿದ್ದರೆ ಹುಡುಗರು ಏನು ಮಾಡುತ್ತಾರೆ? ಚೆಲ್ಲಿ, ತೊಳೆದು, ಮತ್ತೊಮ್ಮೆ ಮಾಡುತ್ತಾರೆ. ಇಲ್ಲವೇ ಪಕ್ಕದವರ ರೆಕಾರ್ಡ್ ನೋಡಿ ಬರೆಯುತ್ತಾರೆ. ಹೋಲಿಕೆಯ ಟ್ಯೂಬು ಅಂದರೆ ನಮ್ಮಲ್ಲಿ ಒಂದು ಶಾಸ್ತ್ರ. ಅದರಿಂದ ಏನಾದರೂ ಹೊಸದು ತಿಳಿದೀತು ಅಂತ ಯಾರೂ ಇಟ್ಟುಕೊಳ್ಳುವುದಿಲ್ಲ. ಚೆಕ್ ಅವರ ಲ್ಯಾಬಿನ ಹೆಚ್ಚುಗಾರಿಕೆ ಇರುವುದು ಅವರು ಅದನ್ನು ಚೆಲ್ಲದೇ ಇದ್ದದ್ದರಲ್ಲಿ.

ಹಾಗಂತ ತಕ್ಷಣ ನಂಬಿಬಿಡಲಿಲ್ಲ. ಆರ್‌ಎನ್‌ಎಗೆ ಯಾವುದೋ ಪ್ರೋಟೀನ್ ಬಿಗಿಯಾಗಿ ಅಂಟಿಕೊಂಡು ಬಂದಿರಬೇಕು ಅಂತಲೇ ಅವರ ಮೊದಲ ಅನುಮಾನ. ಕುದಿಸಿದರು. ಮಾರ್ಜಕ ಹಾಕಿದರು. ಪ್ರೋಟೀನನ್ನು ತಿಂದುಹಾಕುವ ಕಿಣ್ವ ಬಿಟ್ಟರು. ಏನು ಮಾಡಿದರೂ ಇಂಟ್ರಾನ್ ತನ್ನ ಪಾಡಿಗೆ ಕಳಚುತ್ತಲೇ ಇತ್ತು. ಬೇಕಾದದ್ದು ಮೆಗ್ನೀಸಿಯಂ ಉಪ್ಪು ಮತ್ತು ಗ್ವಾನೋಸಿನ್, ಅಂದರೆ ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಜಿ. ಅದರ ಜೊತೆ ಫಾಸ್ಫೇಟ್ ಎಷ್ಟಿದೆ ಅನ್ನುವುದು ಮುಖ್ಯ ಆಗಲಿಲ್ಲ. ಮೂರಿದ್ದರೂ ಆಯಿತು, ಒಂದೂ ಇಲ್ಲದಿದ್ದರೂ ಆಯಿತು. ಹಾಗಾದರೆ ಜಿ ಶಕ್ತಿ ಕೊಡಲು ಬಂದದ್ದಲ್ಲ, ಬೇರೇನೋ ಕೆಲಸಕ್ಕೆ ಬಂದಿದೆ.

ಕೊನೆಗೆ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಟೆಟ್ರಾಹೈಮಿನಾದ ಆ ಜೀನಿನ ತುಂಡನ್ನು ಬ್ಯಾಕ್ಟೀರಿಯಾದೊಳಗೆ ಬೆಳೆಸಿ, ಆ ಡಿಎನ್‌ಎಯಿಂದ ಟ್ಯೂಬಿನಲ್ಲೇ ಆರ್‌ಎನ್‌ಎ ತಯಾರಿಸಿದರು. ಈ ಆರ್‌ಎನ್‌ಎ ಟೆಟ್ರಾಹೈಮಿನಾದ ಕೋಶವನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲ. ಅದರ ಪ್ರೋಟೀನು ಅಂಟಿಕೊಂಡು ಬರುವ ಮಾತೇ ಇಲ್ಲ. ಅದನ್ನು ಶುದ್ಧ ಮಾಡಿ, ಮೆಗ್ನೀಸಿಯಂ ಮತ್ತು ಜಿ ಕೊಟ್ಟರು. ಇಂಟ್ರಾನ್ ಕಳಚಿತು, ಎರಡು ತುದಿ ಕೂಡಿತು. 1982ರಲ್ಲಿ ಇದು ಅಚ್ಚಾಯಿತು. ರೈಬೋಝೈಮ್ ಅನ್ನುವ ಹೆಸರು ಬಂದದ್ದು ಅದೇ ಲೇಖನದಲ್ಲಿ.

ಕಳಚುವುದು ಹೇಗೆ ಅನ್ನುವುದನ್ನು ಬೋರ್ಡಿನ ಮೇಲೆ ಬರೆದರೆ ಅರ್ಧ ಕ್ಲಾಸು ನಿದ್ದೆ ಹೋಗುತ್ತದೆ. ಹಾಗಾಗಿ ನಾನು ಮಕ್ಕಳನ್ನು ಜಗಲಿಗೆ ಕರೆದುಕೊಂಡು ಹೋಗುತ್ತೇನೆ. ಕೈ ಕೈ ಹಿಡಿದು ಒಂದು ಸಾಲು. ಎಡಗಡೆಯವರು ಮೊದಲ ಎಕ್ಸಾನ್, ನಡುವಿನವರು ಇಂಟ್ರಾನ್, ಬಲಗಡೆಯವರು ಎರಡನೇ ಎಕ್ಸಾನ್. ಹೊರಗಿನಿಂದ ಒಬ್ಬ ಹುಡುಗ ಬರುತ್ತಾನೆ, ಅವನು ಜಿ. ಅವನು ಬಂದು ಇಂಟ್ರಾನಿನ ಮೊದಲನೆಯವಳ ಕೈ ಹಿಡಿಯುತ್ತಾನೆ. ಅವಳು ತನ್ನ ಎಡಕ್ಕಿದ್ದವನ ಕೈ ಬಿಡಲೇಬೇಕು, ಇರುವುದು ಒಂದೇ ಎಡಗೈ ತಾನೇ. ಈಗ ಮೊದಲ ಎಕ್ಸಾನಿನ ಕೊನೆಯವನ ಕೈ ಖಾಲಿ. ಅವನು ಆ ಖಾಲಿ ಕೈಯನ್ನು ಚಾಚಿ ಎರಡನೇ ಎಕ್ಸಾನಿನ ಮೊದಲನೆಯವಳ ಕೈ ಹಿಡಿಯುತ್ತಾನೆ. ಅವಳು ಇಂಟ್ರಾನಿನ ಕೊನೆಯವನನ್ನು ಬಿಡುತ್ತಾಳೆ. ಮುಗಿಯಿತು. ನಡುವಿನ ಸಾಲು ಜಿಯನ್ನು ತಲೆಗೆ ಕಟ್ಟಿಕೊಂಡು ಹೊರಗೆ ಬಂತು.

ಎಷ್ಟು ಕೈ ಬಿಟ್ಟಿತೋ ಅಷ್ಟೇ ಕೈ ಹಿಡಿಯಿತು. ಬಂಧಗಳ ಲೆಕ್ಕ ಸರಿಯಾಗಿ ಉಳಿದದ್ದರಿಂದ ಹೊರಗಿನ ಶಕ್ತಿ, ಎಟಿಪಿ ಗಿಟಿಪಿ ಏನೂ ಬೇಡ. ಇಷ್ಟು ಆಡಿದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಯಾರ ಕೈ ಹಿಡೀಬೇಕು ಅಂತ ಹ್ಯಾಗೆ ಗೊತ್ತಾಗ್ತದೆ ಮೇಡಂ?" ಇದೇ ಸರಿಯಾದ ಪ್ರಶ್ನೆ. ನಿಜವಾದ ಆರ್‌ಎನ್‌ಎ ಹೀಗೆ ಜಗಲಿಯಲ್ಲಿ ನೇರ ಸಾಲಾಗಿ ನಿಲ್ಲುವುದಿಲ್ಲ. ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಇಂಟ್ರಾನಿನ ಒಳಗೇ ಜಿಜಿಎಜಿಜಿಜಿ ಅಂತ ಆರು ಅಕ್ಷರದ ಒಂದು ಗುರುತು ಇದೆ. ಅದು ಮೊದಲ ಎಕ್ಸಾನಿನ ತುದಿಯ ಸಿಯುಸಿಯುಸಿಯು ಅನ್ನುವ ಆರು ಅಕ್ಷರಗಳನ್ನು ಎಳೆದು ಹಿಡಿದುಕೊಳ್ಳುತ್ತದೆ. ಕಟ್ ಆಗಬೇಕಾದ ಜಾಗದಲ್ಲಿ ಯು ಎದುರಿಗೆ ಎ ಬರುವ ಬದಲು ಜಿ ಬಂದಿದೆ. ಆ ಸ್ವಲ್ಪ ಸಡಿಲ ಜೋಡಿಯೇ ಜಾಗದ ಗುರುತು. ಹೊರಗಿನ ಜಿ ಬಂದು ಕೂರಲು ಮಡಿಕೆಯಲ್ಲಿ ಒಂದು ಗೂಡೂ ಇದೆ. ಮೆಗ್ನೀಸಿಯಂ ಅಯಾನುಗಳು ಮಡಿಕೆಯನ್ನು ಬಿಗಿಯಾಗಿ ನಿಲ್ಲಿಸುತ್ತವೆ, ಕತ್ತರಿಸುವ ರಸಾಯನದಲ್ಲೂ ಕೈ ಜೋಡಿಸುತ್ತವೆ. ಈ ಇಂಟ್ರಾನಿನ ಒಂದು ದೊಡ್ಡ ಭಾಗದ ಹರಳಿನ ರಚನೆ 1996ರಲ್ಲಿ ಹೊರಬಂತು. ಆ ಕೆಲಸ ಮಾಡಿದವರಲ್ಲಿ ಜೆನಿಫರ್ ಡೌಡ್ನಾ ಒಬ್ಬರು. ಮುಂದೆ ಡಿಎನ್‌ಎ ತಿದ್ದುವ ವಿಧಾನವಾದ ಕ್ರಿಸ್ಪರ್‌ಗೆ 2020ರಲ್ಲಿ ನೊಬೆಲ್ ಪಡೆದವರು.

ಇಷ್ಟಾದರೂ ತಕರಾರು ಮಾಡಲು ಜಾಗ ಇತ್ತು. ಕಿಣ್ವ ಅಂದರೆ ಕೆಲಸ ಮಾಡಿ ತಾನು ಹಾಗೇ ಉಳಿಯಬೇಕು, ಮತ್ತೆ ಮತ್ತೆ ಮಾಡಬೇಕು. ಈ ಇಂಟ್ರಾನ್ ಒಂದೇ ಸಲ, ಅದೂ ತನ್ನನ್ನೇ ಕತ್ತರಿಸಿಕೊಂಡಿತು. ಆ ಕೊರತೆ ತುಂಬಿದ್ದು ಯೇಲ್ ವಿಶ್ವವಿದ್ಯಾಲಯದ ಸಿಡ್ನಿ ಆಲ್ಟ್‌ಮನ್. ಅವರು ಆರ್‌ಎನ್‌ಏಸ್ ಪಿ ಅನ್ನುವ ಕಿಣ್ವದ ಹಿಂದೆ ಬಿದ್ದಿದ್ದರು. ಅದರಲ್ಲಿ ಒಂದು ಪ್ರೋಟೀನು, ಜೊತೆಗೆ ಒಂದು ಆರ್‌ಎನ್‌ಎ. ಆರ್‌ಎನ್‌ಎ ಅಲ್ಲಿ ಕೊಳೆಯ ಹಾಗೆ ಸೇರಿಕೊಂಡದ್ದು ಅಂತ ಮೊದಲು ಎಲ್ಲರೂ ಅಂದುಕೊಳ್ಳುವಂಥದ್ದೇ. 1983ರಲ್ಲಿ ಗೊತ್ತಾಯಿತು, ಮೆಗ್ನೀಸಿಯಂ ಸಾಕಷ್ಟು ಇದ್ದರೆ ಆ ಆರ್‌ಎನ್‌ಎ ಒಂದೇ ಸಾಕು, ಬೇರೆ ಆರ್‌ಎನ್‌ಎಗಳನ್ನು ಒಂದಾದ ಮೇಲೊಂದು ಕತ್ತರಿಸುತ್ತದೆ. ಪ್ರೋಟೀನು ಬರೀ ಸಹಾಯಕ. ಚೆಕ್ ಮತ್ತು ಆಲ್ಟ್‌ಮನ್ 1989ರ ರಸಾಯನಶಾಸ್ತ್ರದ ನೊಬೆಲನ್ನು ಹಂಚಿಕೊಂಡರು.

ಇದೆಲ್ಲ ದೂರದ ಲ್ಯಾಬಿನ ಮಾತು ಅಂತ ಮಕ್ಕಳಿಗೆ ಅನಿಸಬಾರದು. ಕಾರವಾರದಲ್ಲಿ ಹಾಗೆ ಅನಿಸಲು ಕಾರಣವೂ ಇಲ್ಲ. ಸಮುದ್ರ ಚೆನ್ನಾಗಿ ಇಳಿದ ದಿನ ಬಂಡೆಗಳ ಮೇಲೆ ನಡೆದು ನೋಡಿ. ಬಂಡೆಯ ಸಂದಿಯಲ್ಲಿ ನಿಂತ ನೀರಿನಲ್ಲಿ ಸೀ ಅನಿಮೋನ್‌ಗಳು ಬೆರಳು ಬಿಡಿಸಿಕೊಂಡು ಕೂತಿರುತ್ತವೆ. ಮುಟ್ಟಿದರೆ ಬೆರಳೆಲ್ಲ ಒಳಗೆಳೆದುಕೊಂಡು ಒಂದು ಕಂದು ಮುದ್ದೆಯಾಗಿಬಿಡುತ್ತವೆ. ಬಸಳೆ ಹಣ್ಣು ಹಿಸುಕಿದ ಹಾಗೆ ಒಂದು ಸ್ವಲ್ಪ ನೀರು ಚಿಮ್ಮುವುದೂ ಉಂಟು. ಪ್ರಾಣಿಗಳಲ್ಲಿ ಟೆಟ್ರಾಹೈಮಿನಾದ್ದರಂಥ ಇಂಟ್ರಾನ್, ಒಂದನೇ ಗುಂಪಿನದು ಅಂತ ಕರೆಯುತ್ತಾರೆ, ಬಲು ಅಪರೂಪ. ನಮ್ಮಲ್ಲಿಲ್ಲ, ಬಂಗಡೆ ಮೀನಿನಲ್ಲಿಲ್ಲ, ಏಡಿಯಲ್ಲಿಲ್ಲ. ಆದರೆ ಅನಿಮೋನ್ ಮತ್ತು ಗಟ್ಟಿ ಹವಳಗಳ ಮೈಟೋಕಾಂಡ್ರಿಯಾದಲ್ಲಿ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ), ಎನ್‌ಡಿ5 ಅನ್ನುವ ಜೀನಿನ ನಡುವೆ, ಈ ಕುಲದ ಇಂಟ್ರಾನ್ ಕೂತಿದೆ. ಅದೂ ಸಣ್ಣದಲ್ಲ. ಆ ಇಂಟ್ರಾನಿನ ಹೊಟ್ಟೆಯೊಳಗೆ ಬೇರೆ ಇಡೀ ಜೀನುಗಳೇ ಇವೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗಿ ಹವಳದ ಫೋಟೋ ಹಾಕುವವರನ್ನು ಕಂಡಾಗಲೆಲ್ಲ ನನಗೆ ಇದು ಹೇಳಬೇಕು ಅನಿಸುತ್ತದೆ. ಹೇಳುವುದಿಲ್ಲ, ಪಾಪ ಅವರ ರಜೆ.

ಇನ್ನು ಘಟ್ಟ ಹತ್ತಿದರೆ ನಮ್ಮ ಊರು, ಶಿರಸಿ ಹತ್ತಿರ. ಮಳೆಗಾಲದಲ್ಲಿ ಮನೆಯ ಅಂಗಳಕ್ಕೆ ಪಾಚಿ ಹಿಡಿಯುತ್ತದೆ. ಜಾರಬಾರದು ಅಂತ ಅಡಿಕೆ ದಬ್ಬೆ ಹಾಸಿರುತ್ತಾರೆ. ದಬ್ಬೆ ಬಿಟ್ಟು ಕಾಲಿಟ್ಟರೆ "ಜಾರ್ತು ಕೂಸೇ, ನೋಡ್ಕ್ಯಂಡು ಹೋಗು" ಅಂತ ಆಯಿ ಒಳಗಿನಿಂದಲೇ ಕೂಗುತ್ತಾಳೆ. ನನಗೆ ಇಷ್ಟು ವಯಸ್ಸಾದರೂ. ಅಂಗಳದ ಪಾಚಿ, ಗದ್ದೆಯ ನಿಂತ ನೀರು, ಒದ್ದೆ ಕಲ್ಲು, ಇಲ್ಲೆಲ್ಲ ಸಯನೋಬ್ಯಾಕ್ಟೀರಿಯಾ ಅನ್ನುವ ನೀಲಿ-ಹಸಿರು ಬ್ಯಾಕ್ಟೀರಿಯಾ ಇರುತ್ತವೆ. ಗದ್ದೆ ನೀರಿನ ಅನಾಬೀನಾ ಅವುಗಳಲ್ಲಿ ಒಂದು. ಅದರಲ್ಲಿ ಲ್ಯೂಸಿನ್ ಅನ್ನುವ ಅಮೈನೋ ಆಮ್ಲವನ್ನು ರೈಬೋಸೋಮಿಗೆ ಹೊರುವ ಒಂದು ಟಿಆರ್‌ಎನ್‌ಎಯ ಜೀನಿನ ನಡುವೆ ಒಂದನೇ ಗುಂಪಿನ ಇಂಟ್ರಾನ್ ಇದೆ. 249 ಅಕ್ಷರ. ಟ್ಯೂಬಿನಲ್ಲಿ ಇಟ್ಟರೆ ತಾನಾಗಿ ಕಳಚುತ್ತದೆ.

ಈಗ ತಲೆ ಎತ್ತಿ ಅಡಿಕೆ ಮರದ ಸೋಗೆ ನೋಡಿ. ಆ ಹಸಿರಿಗೆ ಕಾರಣ ಕ್ಲೋರೋಪ್ಲಾಸ್ಟ್. ಕ್ಲೋರೋಪ್ಲಾಸ್ಟಿಗೆ ಅದರದೇ ಡಿಎನ್‌ಎ ಇದೆ. ಅದರಲ್ಲೂ ಅದೇ ಟಿಆರ್‌ಎನ್‌ಎ ಜೀನು, ಜೀನಿನೊಳಗೆ ಅದೇ ಜಾಗದಲ್ಲಿ ಅದೇ ಕುಲದ ಇಂಟ್ರಾನ್. ಅಡಿಕೆಯಲ್ಲಿ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯಲ್ಲಿ, ಕೆಳಗಿನ ಏಲಕ್ಕಿಯಲ್ಲಿ. 1990ರಲ್ಲಿ ಸಯನೋಬ್ಯಾಕ್ಟೀರಿಯಾದಲ್ಲಿ ಇದು ಸಿಕ್ಕಾಗ ಅರ್ಥ ಸ್ಪಷ್ಟವಾಯಿತು. ಕ್ಲೋರೋಪ್ಲಾಸ್ಟ್ ಅಂದರೆ ನೂರು ಕೋಟಿ ವರ್ಷಕ್ಕೂ ಹಿಂದೆ ಇನ್ನೊಂದು ಕೋಶದ ಒಳಗೆ ಸೇರಿಕೊಂಡ ಸಯನೋಬ್ಯಾಕ್ಟೀರಿಯಾ. ಬರುವಾಗ ಇಂಟ್ರಾನನ್ನೂ ತಂದಿತ್ತು. ಕಾಲಿಗೆ ಜಾರುವ ಪಾಚಿ, ಮೇಲೆ ತೂಗುವ ಸೋಗೆ, ಎರಡರಲ್ಲೂ ಒಂದೇ ಮನೆತನದ ತುಂಡು.

ಒಂದು ವ್ಯತ್ಯಾಸ ಇದೆ. ಗಿಡಗಳ ಈ ಇಂಟ್ರಾನ್ ಟ್ಯೂಬಿನಲ್ಲಿ ಒಂಟಿಯಾಗಿ ಇಟ್ಟರೆ ಕಳಚುವುದಿಲ್ಲ. ಪ್ರೋಟೀನುಗಳ ಸಹಾಯ ಬೇಕಾಗಿದೆ. ಕ್ಲೋರೋಪ್ಲಾಸ್ಟಿನಲ್ಲಿರುವ ಎರಡನೇ ಗುಂಪಿನ ಇಂಟ್ರಾನ್‌ಗಳದ್ದೂ ಅದೇ ಪಾಡು. ಅವುಗಳಿಗೆ ಸಹಾಯ ಮಾಡುವ ಒಂದು ಪ್ರೋಟೀನಿನ ಜೀನು ಮ್ಯಾಟ್‌ಕೆ, ಅದು ಕೂತಿರುವುದೂ ಅಂಥದ್ದೇ ಒಂದು ಇಂಟ್ರಾನಿನ ಒಳಗೆ. ಗಿಡ ಯಾವ ಜಾತಿ ಅಂತ ಡಿಎನ್‌ಎಯಿಂದ ಗುರುತಿಸುವವರು ಜಗತ್ತಿನಾದ್ಯಂತ ಓದುವುದು ಇದೇ ಮ್ಯಾಟ್‌ಕೆ ಮತ್ತು ಆರ್‌ಬಿಸಿಎಲ್ ಅನ್ನುವ ಇನ್ನೊಂದು ಜೀನನ್ನು. ಬೇಡ ಅಂತ ಕತ್ತರಿಸಿ ಎಸೆಯುವ ತುಂಡಿನೊಳಗೆ ಗಿಡದ ಗುರುತಿನ ಚೀಟಿ ಇಟ್ಟ ಹಾಗಾಯಿತು.

ಈ ಎರಡನೇ ಗುಂಪಿನವು ಕಳಚುವಾಗ ಹೊರಗಿನ ಜಿಗೆ ಕಾಯುವುದಿಲ್ಲ. ತಮ್ಮೊಳಗಿನ ಒಂದು ಎ ಅಕ್ಷರವನ್ನೇ ಬಾಗಿಸಿ ತಂದು ಗಂಟು ಹಾಕಿಕೊಳ್ಳುತ್ತವೆ, ಕುಣಿಕೆಯ ಆಕಾರದಲ್ಲಿ ಹೊರಬರುತ್ತವೆ. ನಮ್ಮ ಕೋಶಗಳಲ್ಲಿ ಇಂಟ್ರಾನ್ ಕತ್ತರಿಸುವ ಸ್ಪ್ಲೈಸಿಯೋಸೋಮ್ ಅನ್ನುವ ದೊಡ್ಡ ಯಂತ್ರವೂ ಹಾಗೆಯೇ ಕುಣಿಕೆ ಮಾಡುತ್ತದೆ. ಅದರಲ್ಲಿ ಪ್ರೋಟೀನುಗಳ ಸಂತೆಯೇ ಇದೆ. ಆದರೆ ಕತ್ತರಿಸುವ ಜಾಗದಲ್ಲಿ ಮೆಗ್ನೀಸಿಯಂ ಹಿಡಿದು ನಿಂತದ್ದು ಯು6 ಅನ್ನುವ ಸಣ್ಣ ಆರ್‌ಎನ್‌ಎ ಅಂತ 2013ರಲ್ಲಿ ಖಚಿತವಾಯಿತು.

ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬರಹವನ್ನೂ ಹೊರುವ, ಕೆಲಸವನ್ನೂ ಮಾಡುವ ಒಂದೇ ವಸ್ತು ಇದ್ದರೆ ಬೀಜ-ಮರದ ಜಗಳ ಬಗೆಹರಿಯುತ್ತದೆ. ಕ್ರಿಕ್, ಆರ್ಗೆಲ್, ವೋಸ್ ಇವರೆಲ್ಲ 1960ರ ದಶಕದಲ್ಲೇ ಹೀಗಿರಬಹುದು ಅಂತ ಊಹಿಸಿದ್ದರು. 1986ರಲ್ಲಿ ಗಿಲ್ಬರ್ಟ್ ಅದಕ್ಕೆ ಆರ್‌ಎನ್‌ಎ ಲೋಕ ಅಂತ ಹೆಸರು ಕೊಟ್ಟರು. ತಕರಾರು ಇಲ್ಲದೇ ಇಲ್ಲ. ಆರ್‌ಎನ್‌ಎ ಬೇಗ ಮುರಿಯುವ ವಸ್ತು. ಕೈ ಬೆವರು ತಾಗಿದರೂ ಹಾಳು. ನಾವು ಕಾಲೇಜಿನಲ್ಲಿ ಬಾಳೆಹಣ್ಣಿನಿಂದ ಡಿಎನ್‌ಎ ತೆಗೆದು ತೋರಿಸುತ್ತೇವೆ, ಆರ್‌ಎನ್‌ಎ ತಂಟೆಗೆ ಹೋಗುವುದಿಲ್ಲ. ಇಂಥದ್ದು ಆದಿಕಾಲದ ಭೂಮಿಯಲ್ಲಿ ತಾನಾಗಿ ಹೇಗೆ ಕೂಡಿತು, ಹೇಗೆ ಉಳಿಯಿತು? ತನ್ನನ್ನು ತಾನು ಪೂರ್ತಿ ನಕಲು ಮಾಡಿಕೊಳ್ಳುವ ಆರ್‌ಎನ್‌ಎ ಇವತ್ತಿನ ಯಾವ ಜೀವಿಯಲ್ಲೂ ಸಿಕ್ಕಿಲ್ಲ. ಬೇರೆ ಆರ್‌ಎನ್‌ಎಯನ್ನು ನಕಲು ಮಾಡುವಂಥವನ್ನು ಲ್ಯಾಬಿನಲ್ಲಿ ಆರಿಸಿ ಬೆಳೆಸಿದ್ದಾರೆ. ಇದನ್ನೆಲ್ಲ ಹೇಳಿಯೂ ನಾನು ಆರ್‌ಎನ್‌ಎ ಕಡೆಯೇ ನಿಲ್ಲುತ್ತೇನೆ. ಕಾರಣ ರೈಬೋಸೋಮ್.

ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಬೇಸಿಗೆಯಲ್ಲಿ ಆಗರದ ನೀರು ಒಣಗಿ ಉಪ್ಪು ಗಟ್ಟಿಯಾಗುತ್ತಾ ಬಂದಾಗ ಅಂಥ ನೀರಿನಲ್ಲೂ ಬದುಕುವ ಸೂಕ್ಷ್ಮಜೀವಿಗಳಿವೆ. ಲೋಕದ ಎಲ್ಲ ಉಪ್ಪಿನ ಆಗರಗಳಲ್ಲೂ ಇಂಥವು ಇರುತ್ತವೆ. ಅವುಗಳ ಕುಲದ ಒಂದು, ಮೃತ ಸಮುದ್ರದಲ್ಲಿ ಸಿಕ್ಕಿದ ಹ್ಯಾಲೋಆರ್ಕ್ಯುಲಾ. ಉಪ್ಪಿಗೆ ಒಗ್ಗಿದ ಅದರ ರೈಬೋಸೋಮ್ ಗಟ್ಟಿ, ಚೆನ್ನಾಗಿ ಹರಳಾಗುತ್ತದೆ. ಇಸ್ರೇಲಿನ ವಿಜ್ಞಾನಿ ಅಡಾ ಯೋನಾತ್ ರೈಬೋಸೋಮಿನ ಹರಳು ಬೆಳೆಸಲು ಶುರು ಮಾಡಿದಾಗ ಆಗುವ ಕೆಲಸವಲ್ಲ ಅಂದವರೇ ಹೆಚ್ಚು. 2000ರಲ್ಲಿ ಥಾಮಸ್ ಸ್ಟೈಟ್ಸ್ ಮತ್ತು ಪೀಟರ್ ಮೂರ್ ಅವರ ತಂಡ ಹ್ಯಾಲೋಆರ್ಕ್ಯುಲಾದ ರೈಬೋಸೋಮಿನ ದೊಡ್ಡ ಅರ್ಧದ ರಚನೆಯನ್ನು ಅಣು ಅಣುವಾಗಿ ತೋರಿಸಿತು. ಅಮೈನೋ ಆಮ್ಲಗಳು ಕೂಡುವ ಜಾಗದ ಸುತ್ತ ಹುಡುಕಿದರೆ ಪ್ರೋಟೀನೇ ಇಲ್ಲ. ಅತಿ ಹತ್ತಿರದ್ದು ಸುಮಾರು 18 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ದೂರದಲ್ಲಿದೆ. ಕೂಡಿಸುವ ಕೆಲಸಕ್ಕೆ ಅಷ್ಟು ದೂರದಿಂದ ಕೈ ಚಾಚಲು ಬರುವುದಿಲ್ಲ. ಜಾಗದಲ್ಲಿ ಇರುವುದು ಆರ್‌ಎನ್‌ಎ ಮಾತ್ರ. ನಮ್ಮ ಮೈಯ ಪ್ರತಿ ಪ್ರೋಟೀನು, ಪುಸ್ತಕ ಹೇಳುವ ಆ ಸಾವಿರಾರು ಪ್ರೋಟೀನ್ ಕಿಣ್ವಗಳೂ ಸೇರಿ, ಒಂದು ಆರ್‌ಎನ್‌ಎ ಕಿಣ್ವದ ಕೈಯಲ್ಲಿ ಹುಟ್ಟಿದ್ದು. 2009ರ ನೊಬೆಲ್ ಯೋನಾತ್, ಸ್ಟೈಟ್ಸ್ ಮತ್ತು ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ಬಂತು. ಪೇಪರಿನವರು ಚಿದಂಬರಂ ಬಗ್ಗೆ ಬರೆದಷ್ಟು ಆ ಆರ್‌ಎನ್‌ಎ ಬಗ್ಗೆ ಬರೆಯಲಿಲ್ಲ.

ಮಳೆಗಾಲದಲ್ಲಿ ಕ್ಲಾಸಿನಲ್ಲಿ ಅರ್ಧ ಜನ ಕೆಮ್ಮುತ್ತಿರುತ್ತಾರೆ. ಯಾರ ಬ್ಯಾಗಿನಲ್ಲಾದರೂ ಅಝಿತ್ರೋಮೈಸಿನ್ ಮಾತ್ರೆಯ ಪಟ್ಟಿ ಇದ್ದೇ ಇರುತ್ತದೆ. ಅದನ್ನು ತೆಗೆಸಿ ಮೇಜಿನ ಮೇಲೆ ಇಡುತ್ತೇನೆ. ಈ ಮಾತ್ರೆ ಹೋಗಿ ಕೂರುವುದು ಬ್ಯಾಕ್ಟೀರಿಯಾದ 23ಎಸ್ ಆರ್‌ಎನ್‌ಎಯ ಮೇಲೆ, ಹೊಸ ಪ್ರೋಟೀನು ಹೊರಬರುವ ದಾರಿಗೆ ಅಡ್ಡವಾಗಿ. ಮುಖ್ಯವಾಗಿ 2058ನೇ ಅಕ್ಷರವಾದ ಎಯನ್ನು ಹಿಡಿದುಕೊಂಡು. ಆ ಎ ಬದಲಾಗಿ ಜಿ ಆದರೆ, ಅಥವಾ ಅದರ ಮೇಲೆ ಬ್ಯಾಕ್ಟೀರಿಯಾ ಒಂದು ಮಿಥೈಲ್ ಗುಂಪು ಅಂಟಿಸಿಕೊಂಡರೆ, ಮಾತ್ರೆಗೆ ಹಿಡಿತ ಸಿಗುವುದಿಲ್ಲ. ನಮ್ಮ ಕೋಶದ್ರವದ ರೈಬೋಸೋಮಿನಲ್ಲಿ ಆ ಜಾಗದಲ್ಲಿ ಮೊದಲಿಂದಲೂ ಜಿ ಇದೆ. ಮಾತ್ರೆ ಬ್ಯಾಕ್ಟೀರಿಯಾವನ್ನು ತಡೆದು ನಮ್ಮನ್ನು ಬಿಡುವುದಕ್ಕೆ ದೊಡ್ಡ ಕಾರಣ ಆ ಒಂದು ಅಕ್ಷರ.